ಹೇಳಿ ಬರೆಸಿದ ಬರಹ ಯಾಕೆ ಜಾಳಾಗುತ್ತದೆ?

ಪ್ರಶ್ನೆ: ಎರಡು ಪುಟ ಬರೆಯುವಷ್ಟರಲ್ಲಿ ಬೆರಳು ನೋಯುವುದರಿಂದ ಲೇಖನಗಳನ್ನು ಈಗ ಮೊಬೈಲಿನ ವಾಯ್ಸ್ ಟೈಪಿಂಗ್‌ನಲ್ಲಿ ಹೇಳಿ ಬರೆಸುತ್ತೇನೆ. ಬೇಗ ಮುಗಿಯುತ್ತದೆ, ಆದರೆ ಓದಿದರೆ ಜಾಳುಜಾಳು. ಮತ್ತೆ ಪೆನ್ನು ಹಿಡಿಯಬೇಕೇ?

ಉತ್ತರ: ಹಿಡಿಯಿರಿ, ಆದರೆ ಸ್ವಲ್ಪ ಹೊತ್ತು ಮಾತ್ರ.

ಕೈಯಲ್ಲಿ ಬರೆಯುವಾಗ ವಾಕ್ಯದ ಆರಂಭ ಕಣ್ಣೆದುರೇ ಇರುತ್ತದೆ. ಹೇಳುವಾಗ ಅದನ್ನು ನೆನಪಿನಲ್ಲೇ ಹಿಡಿದಿಟ್ಟುಕೊಳ್ಳಬೇಕು. ಕನ್ನಡದಲ್ಲಿ ಇದು ಹೆಚ್ಚು ಕಾಡುತ್ತದೆ, ಏಕೆಂದರೆ ಕ್ರಿಯಾಪದ ಬರುವುದು ಕೊನೆಗೆ, ಅದೂ ಕರ್ತೃವಿನ ಲಿಂಗ, ವಚನಗಳಿಗೆ ಹೊಂದಿಕೊಂಡು. ‘ಈ ಪದ್ಧತಿಗಳು’ ಎಂದು ಶುರುವಾದ ವಾಕ್ಯ, ನಡುವೆ ಎರಡು ಉಪವಾಕ್ಯ ನುಸುಳಿದ ಮೇಲೆ ‘ಬಂದಿದೆ’ ಎಂದು ಮುಗಿಯುವುದು ಹೀಗೆ. ಎಳೆ ಕಡಿಯದಿರಲೆಂದು ನಾಲಿಗೆ ‘ಆಮೇಲೆ’, ‘ಅಂದರೆ’, ‘ಹಾಗಾಗಿ’ಗಳನ್ನು ತುರುಕುತ್ತದೆ. ನಿಮಗೆ ಕಾಣುವ ಜಾಳುತನ ಬಹುಪಾಲು ಇದೇ.

ಮೊದಲು ಕಾಗದದ ಮೇಲೆ ಐದಾರು ಸಾಲು ಟಿಪ್ಪಣಿ ಮಾಡಿಕೊಳ್ಳಿ: ಪ್ಯಾರಾಕ್ಕೊಂದು ಸಾಲು, ಬೇಕಾದ ಹೆಸರು, ಇಸವಿ, ಅಂಕಿ. ಇಷ್ಟಕ್ಕೆ ಬೆರಳು ನೋಯದು. 1866ರಲ್ಲಿ ರಷ್ಯಾದ ಕಾದಂಬರಿಕಾರ ದಾಸ್ತೊಯೆವ್‌ಸ್ಕಿ 26 ದಿನಗಳಲ್ಲಿ ಒಂದು ಕಾದಂಬರಿಯನ್ನು ಶೀಘ್ರಲಿಪಿಗಾರ್ತಿಗೆ ಹೇಳಿ ಬರೆಸಿದಾಗಲೂ ರಾತ್ರಿ ಕೈಯಲ್ಲಿ ಬರೆದಿಟ್ಟುಕೊಂಡು ಹಗಲು ಹೇಳುತ್ತಿದ್ದ.

ವಾಕ್ಯವನ್ನು ಕ್ರಿಯಾಪದದವರೆಗೆ ಮನಸ್ಸಿನಲ್ಲಿ ಕಟ್ಟಿಕೊಂಡ ಮೇಲೆಯೇ ಮೈಕ್ ಒತ್ತಿ. ಮೌನ ಹೆಚ್ಚಾದರೆ ಅದು ತಾನೇ ನಿಂತುಬಿಡುತ್ತದೆ. ಹತ್ತು-ಹನ್ನೆರಡು ಪದಗಳ ವಾಕ್ಯ ಸಾಕು. ಪದ ಪದ ಬಿಡಿಸಿ ಹೇಳಬೇಡಿ. ಅಕ್ಕಪಕ್ಕದ ಪದ ನೋಡಿಯೇ ತಂತ್ರಾಂಶ ಊಹಿಸುವುದರಿಂದ ಬಿಡಿಸಿದಷ್ಟೂ ತಪ್ಪು ಹೆಚ್ಚು. ‘ಮಾಡ್ತೀನಿ’ ಅನ್ನದೆ ‘ಮಾಡುತ್ತೇನೆ’ ಎಂದೇ ಹೇಳಿ. ಮೊಬೈಲ್ ಬಾಯಿಂದ ಒಂದು ಗೇಣು ದೂರ, ತುಸು ಪಕ್ಕಕ್ಕಿರಲಿ. ಎದುರಿಗಿದ್ದರೆ ಪ, ಬ ಹೇಳುವಾಗಿನ ಉಸಿರು ಮೈಕಿಗೆ ಬಡಿಯುತ್ತದೆ. ಅಲ್ಪವಿರಾಮ, ಪೂರ್ಣವಿರಾಮಗಳನ್ನು ಆಮೇಲೆ ಹಾಕಿದರಾಯಿತು.

ತಿದ್ದುವುದರಲ್ಲಿ ಮಾತ್ರ ಉದಾಸೀನ ಬೇಡ. ಕೈತಪ್ಪು ನೋಡಿದೊಡನೆ ಕಾಣುತ್ತದೆ. ವಾಯ್ಸ್ ಟೈಪಿಂಗ್ ಮಾಡುವ ತಪ್ಪು ಸರಿಯಾದ ಕಾಗುಣಿತದ ಬೇರೆ ಪದ: ‘ಕಳೆ’ ಹೋಗಿ ‘ಕಲೆ’, ‘ಹಾಡು’ ಹೋಗಿ ‘ಆಡು’. ಸ್ಪೆಲ್‌ಚೆಕ್‌ಗೆ ಅದು ಸಿಗದು. ಏನು ಹೇಳಿದ್ದೆವೆಂಬ ನೆನಪು ಹಸಿಯಿರುವಾಗ, ಅದೇ ದಿನ ಒಮ್ಮೆ ಓದಿ ಸರಿಪಡಿಸಿ. ಮರುದಿನ ಪ್ರಿಂಟ್ ತೆಗೆದು, ಗಟ್ಟಿಯಾಗಿ ಓದುತ್ತಾ, ತುರುಕಿದ ಪದಗಳನ್ನು ಪೆನ್ನಿನಲ್ಲಿ ಹೊಡೆದುಹಾಕಿ.

ಕವಿತೆ, ಉದ್ಧರಣೆ, ಒಂದು ಮಾತಿನ ಮೇಲೊಂದು ನಿಲ್ಲುವ ಸೂಕ್ಷ್ಮ ವಾದ ಇವನ್ನು ಕೈಯಲ್ಲೇ ಬರೆಯಿರಿ. ಪೆನ್ನನ್ನು ಬಿಗಿಯಾಗಿ ಹಿಡಿಯುವುದರಿಂದಲೂ ಬೆರಳು ನೋಯುತ್ತದೆ. ದಪ್ಪ ಹಿಡಿಯ, ಒತ್ತದೆಯೇ ಶಾಯಿ ಹರಿಯುವ ಜೆಲ್ ಪೆನ್ನು ಬಳಸಿ ನೋಡಿ.