ಚು, ಚೇ, ಚೋ, ಲಾ ಮತ್ತು ರೇಸ್ ಕುದುರೆ

ಚಾಮರಾಜಪೇಟೆಯಿಂದ ಪತ್ರ ಬರೆದ ಸೋದರಿಗೆ ನಮಸ್ಕಾರ.

ಉಳಿದ ಓದುಗರಿಗೂ ತಿಳಿಯಲೆಂದು ನಿಮ್ಮ ಪತ್ರದ ಸಾರ ಹೇಳಿಬಿಡುತ್ತೇನೆ. ನಿಮ್ಮ ಯಜಮಾನರು ನಿವೃತ್ತರಾದ ಮೇಲೆ ರೇಸ್‌ಕೋರ್ಸಿಗೆ ಹೋಗುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಅವರದು ಅಶ್ವಿನಿ ನಕ್ಷತ್ರ. ಪಂಚಾಂಗದಲ್ಲಿ ಅಶ್ವಿನಿಯ ನಾಲ್ಕು ಪಾದಗಳಿಗೆ ಚು, ಚೇ, ಚೋ, ಲಾ ಎಂದಿದೆ. ಹಾಗಾಗಿ ಚಕಾರ, ಲಕಾರದಿಂದ ಶುರುವಾಗುವ ಕುದುರೆಗೆ ಮಾತ್ರ ದುಡ್ಡು ಕಟ್ಟುತ್ತಾರೆ. ಯಾವ ಕುದುರೆ ಎಂದು ಮನೆಯಲ್ಲಿ ಬಾಯಿ ಬಿಡುವುದಿಲ್ಲ, ಹೇಳಿದರೆ ದೃಷ್ಟಿಯಾಗುತ್ತದಂತೆ. ಒಂದು ಶುಕ್ರವಾರ ಲಕ್ಷ್ಮಿಯ ಹೆಸರಿದ್ದ ಕುದುರೆ ಗೆದ್ದು ಕೈತುಂಬ ದುಡ್ಡು ಬಂದದ್ದೇ ಇದಕ್ಕೆಲ್ಲ ಬುನಾದಿ. ‘ಹೆಸರಲ್ಲಿ ನಿಜವಾಗಿ ಏನಾದರೂ ಇದೆಯೇ? ಇಲ್ಲವಾದರೆ ಅವರಿಗೆ ಹೇಗೆ ಹೇಳಲಿ?’ ಎಂದು ಕೇಳಿದ್ದೀರಿ.

ಕುದುರೆಯ ಕಾಲಿನ ಮಟ್ಟಿಗೆ ಏನೂ ಇಲ್ಲ. ಕಟ್ಟುವವರ ಜೇಬಿನ ಮಟ್ಟಿಗೆ ಇದೆ, ಅದೂ ಅವರಿಗೆ ನಷ್ಟವಾಗುವ ರೀತಿಯಲ್ಲಿ.

ರೇಸ್ ಕುದುರೆಯ ಹೆಸರು ಘಳಿಗೆ ನೋಡಿ ಇಟ್ಟದ್ದಲ್ಲ. ನಡುವಿನ ಖಾಲಿ ಜಾಗವೂ ಸೇರಿ 18 ಇಂಗ್ಲಿಷ್ ಅಕ್ಷರ ಮೀರಬಾರದು, ಬೇರೆ ಕುದುರೆಗೆ ಇರುವ ಹೆಸರಾಗಬಾರದು ಎಂಬಂಥ ಕಟ್ಟುಪಾಡುಗಳೊಳಗೆ ಮಾಲೀಕರು ಹೊಂದಿಸಿದ್ದು. ಬ್ರಿಟನ್ನಿನ ಗ್ರ್ಯಾಂಡ್ ನ್ಯಾಷನಲ್ ಓಟವನ್ನು 1973, 1974, 1977ರಲ್ಲಿ ಮೂರು ಸಲ ಗೆದ್ದ ‘ರೆಡ್ ರಮ್’ ಹೆಸರು ನೋಡಿ. ತಾಯಿ ‘ಮೇರೆಡ್’, ತಂದೆ ‘ಕ್ವೋರಮ್’; ಎರಡರ ಕೊನೆಯ ಮೂರು ಮೂರು ಇಂಗ್ಲಿಷ್ ಅಕ್ಷರ ಕಿತ್ತು ಜೋಡಿಸಿದ್ದಷ್ಟೇ. ಅದನ್ನು ಹಿಂದುಮುಂದಾಗಿ ಓದಿದರೆ ಇಂಗ್ಲಿಷಿನಲ್ಲಿ ‘ಕೊಲೆ’ ಎಂದಾಗುತ್ತದೆ. ಶಕುನ ನೋಡುವವರು ಅದರ ಹತ್ತಿರವೂ ಸುಳಿಯಬಾರದಿತ್ತು.

ನಮ್ಮಲ್ಲಿಯದೇ ಉದಾಹರಣೆ ಬೇಕೆಂದರೆ, ಬೆಂಗಳೂರಿನ ಹೆಸರಾಂತ ಟ್ರೈನರ್ ರಶೀದ್ ಬೈರಾಮ್‌ಜಿ 1970ರ ದಶಕದಲ್ಲಿ ಪಳಗಿಸಿದ ‘ಸ್ಕ್ವಾಂಡರರ್’ ಇದೆ. ಹಾಗೆಂದರೆ ದುಂದುಗಾರ. ದುಡ್ಡು ಕಟ್ಟಲು ಹೊರಟವನಿಗೆ ಇದಕ್ಕಿಂತ ಅಪಶಕುನದ ಹೆಸರು ಸಿಗಲಿಕ್ಕಿಲ್ಲ. ಅದು ಓಡಿದ 19 ಓಟಗಳಲ್ಲಿ 18ನ್ನು ಗೆದ್ದಿತು. ನಿಮ್ಮ ಯಜಮಾನರ ಲೆಕ್ಕದಲ್ಲಿ ಚಕಾರವೂ ಇಲ್ಲ, ಲಕಾರವೂ ಇಲ್ಲ. ಅಂಥ ಕುದುರೆ ಕಣ್ಣೆದುರಿಗೇ ಓಡಿಹೋಗುತ್ತಿತ್ತು.

‘ಆದರೆ ಹೆಸರು ನೋಡಿ ಕಟ್ಟಿದ್ದು ಗೆದ್ದಿತಲ್ಲ’ ಎಂದು ಅವರು ಕೇಳಿಯೇ ಕೇಳುತ್ತಾರೆ. ಗೆಲ್ಲುತ್ತದೆ, ಕೆಲವು ಸಲ. 1992ರ ಏಪ್ರಿಲ್ 9ರಂದು ಬ್ರಿಟನ್ನಿನಲ್ಲಿ ಸಾರ್ವತ್ರಿಕ ಚುನಾವಣೆ. ಅದಕ್ಕೆ ಐದು ದಿನ ಮೊದಲು ನಡೆದ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ‘ಪಾರ್ಟಿ ಪಾಲಿಟಿಕ್ಸ್’ ಎಂಬ ಕುದುರೆಯೇ ಗೆದ್ದಿತು. ಅದನ್ನು ಇಂದಿಗೂ ಹೇಳಿಕೊಳ್ಳುವವರಿದ್ದಾರೆ. ಆದರೆ ಅಂದು ಓಡಿದ್ದು 40 ಕುದುರೆ. ನಲವತ್ತು ಹೆಸರುಗಳಲ್ಲಿ ಯಾರಿಗೋ ಮಗಳ ಹೆಸರು, ಯಾರಿಗೋ ಊರಿನ ಹೆಸರು, ಯಾರಿಗೋ ಹಿಂದಿನ ರಾತ್ರಿಯ ಕನಸು ಕಂಡೇ ಕಾಣುತ್ತದೆ. ಯಾವುದು ಗೆದ್ದರೂ ಅದಕ್ಕೊಂದು ಕಥೆ ತಯಾರಿರುತ್ತದೆ. ಸೋತ 39 ಶಕುನಗಳ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಆ ಶುಕ್ರವಾರದ ಲಕ್ಷ್ಮಿ ನಿಮ್ಮ ಮನೆಯಲ್ಲಿ ಎಲ್ಲರಿಗೂ ನೆನಪಿದ್ದಾಳೆ. ಅದರ ಮುಂದಿನ ವಾರ ಕಟ್ಟಿದ ಕುದುರೆ ಯಾವುದೆಂದು ಕೇಳಿ ನೋಡಿ.

ಇನ್ನು ಜೇಬಿನ ಮಾತು. ಜಪಾನಿನ ಕೋಚಿ ಎಂಬಲ್ಲಿ ‘ಹರು ಉರಾರ’ ಎಂಬ ಹೆಣ್ಣು ಕುದುರೆ ಇತ್ತು. 113 ಸಲ ಓಡಿ ಒಮ್ಮೆಯೂ ಗೆಲ್ಲಲಿಲ್ಲ. ಅದರ ಟಿಕೆಟ್ ಎಂದೂ ತಗುಲುವುದಿಲ್ಲ, ಅಂದರೆ ಗೆದ್ದು ದುಡ್ಡು ತರುವುದಿಲ್ಲ, ಆದ್ದರಿಂದ ಅದನ್ನು ಜೊತೆಗಿಟ್ಟುಕೊಂಡವರಿಗೆ ವಾಹನವೂ ತಗುಲುವುದಿಲ್ಲ ಎಂದು ಜನ ಆ ಟಿಕೆಟ್ಟನ್ನು ತಾಯಿತದಂತೆ ಇಟ್ಟುಕೊಂಡರು. 2004ರ ಮಾರ್ಚ್ 22ರಂದು ದೇಶದ ಅಗ್ರ ಜಾಕಿ ಯುಟಕ ಟಾಕೆ ಅದನ್ನೇರಿದಾಗ ಸುಮಾರು 13,000 ಜನ ಸೇರಿದ್ದರು. ಪ್ರೀತಿಯಿಂದ ಬಂದ ದುಡ್ಡು ಎಷ್ಟಿತ್ತೆಂದರೆ ಅಂದು ಫೇವರಿಟ್, ಅಂದರೆ ಎಲ್ಲಕ್ಕಿಂತ ಹೆಚ್ಚು ದುಡ್ಡು ಬಿದ್ದ ಕುದುರೆ, ಆದದ್ದೂ ಅದೇ. ಬಂದದ್ದು 11 ಕುದುರೆಗಳಲ್ಲಿ ಹತ್ತನೆಯದಾಗಿ. ಜನರ ಭಾವನೆ ಬಾಜಿಯ ದರವನ್ನು ಬದಲಿಸಿತು, ಓಟವನ್ನಲ್ಲ.

ರೇಸ್‌ಕೋರ್ಸಿನಲ್ಲಿ ಬಾಜಿ ಕಟ್ಟುವ ನಮ್ಮ ಟೋಟ್ ಕೌಂಟರಿನಲ್ಲೂ ನಡೆಯುವುದು ಇದೇ. ಒಂದು ಓಟಕ್ಕೆ ಬಂದ ಹಣವೆಲ್ಲ ಒಂದೆಡೆ ಸೇರಿ, ತೆರಿಗೆ ಮತ್ತು ಕ್ಲಬ್ಬಿನ ಪಾಲು ಕಳೆದು, ಉಳಿದದ್ದು ಗೆದ್ದ ಕುದುರೆಗೆ ಕಟ್ಟಿದವರಿಗೆ ಹಂಚಿಕೆಯಾಗುತ್ತದೆ. ಶುಭವಾದ ಹೆಸರೆಂದು ಹೆಚ್ಚು ಜನ ಮುಗಿಬಿದ್ದಷ್ಟೂ ಪಾಲು ಸಣ್ಣದಾಗುತ್ತದೆ. ದೀಪಾವಳಿಯ ವಾರದಲ್ಲಿ ದೀಪದ ಹೆಸರಿನ ಕುದುರೆಗೆ ಕಟ್ಟಿದವರು ಗೆದ್ದರೂ ಕಡಿಮೆ ಎಣಿಸುತ್ತಾರೆ, ಸೋತರೆ ಪೂರ್ತಿ ಕಳೆದುಕೊಳ್ಳುತ್ತಾರೆ. ಮೇಲಾಗಿ ಕುದುರೆ ಬಾಜಿಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 40ಕ್ಕೆ ಏರಿದೆ. ಬಲ್ಲವರಿಗೇ ಈಗ ಇದು ದಕ್ಕುವ ಲೆಕ್ಕವಲ್ಲ.

ನಿಮ್ಮವರು ಓದಿಕೊಂಡವರು ಎಂದಿದ್ದೀರಿ, ಅವರಿಗೆ ಇನ್ನೊಂದು ಮಾತು ತಿಳಿಸಿ. 1996ರಲ್ಲಿ ಸುಪ್ರೀಂ ಕೋರ್ಟ್, ಕುದುರೆ ರೇಸ್ ಬರಿಯ ಅದೃಷ್ಟದ ಆಟವಲ್ಲ, ಕೌಶಲದ ಆಟ ಎಂದು ತೀರ್ಪಿತ್ತಿತು. ಕುದುರೆಯ ಸಾಮರ್ಥ್ಯ, ಜಾಕಿಯ ಅನುಭವ, ಓಟದ ದೂರ ಇವನ್ನೆಲ್ಲ ತೂಗಿ ನೋಡುವ ಬುದ್ಧಿ ಅದರಲ್ಲಿದೆ ಎಂಬುದು ಅದಕ್ಕೆ ಕಾರಣ. ರೇಸ್ ಬುಕ್ಕಿನಲ್ಲಿ ಹೆಸರಿನ ಪಕ್ಕದಲ್ಲೇ ಅವೆಲ್ಲ ಇವೆ: ವಯಸ್ಸು, ತಂದೆ ತಾಯಿ, ಹೊರುವ ತೂಕ, ಜಾಕಿ, ಟ್ರೈನರ್, ಡ್ರಾ ಸಂಖ್ಯೆ (ಓಟ ಶುರುವಾಗುವಾಗ ನಿಲ್ಲುವ ಗೇಟಿನ ಸಂಖ್ಯೆ), ಹಿಂದಿನ ಓಟಗಳ ಫಲ. ಕಾಲಿಗೆ ಹೊಡೆದದ್ದು ಅಲ್ಯೂಮಿನಿಯಂ ಲಾಳವೋ ಉಕ್ಕಿನದೋ ಎಂಬುದನ್ನೂ ಒಂದಕ್ಷರದಲ್ಲಿ ಸೂಚಿಸಿರುತ್ತಾರೆ. 1200 ಮೀಟರಿನಲ್ಲಿ ಮಿಂಚಿದ ಕುದುರೆ 2000 ಮೀಟರಿನಲ್ಲಿ ಉಸಿರು ಕಳೆದುಕೊಳ್ಳಬಹುದು. ಇಷ್ಟನ್ನೂ ಬಿಟ್ಟು ಮೊದಲ ಅಕ್ಷರ ಮಾತ್ರ ನೋಡುವುದೆಂದರೆ ಶುದ್ಧ ಅದೃಷ್ಟವನ್ನೇ ನೆಚ್ಚಿದಂತೆ. ಕುದುರೆ ಬಾಲಕ್ಕೆ ದುಡ್ಡು ಕಟ್ಟುವುದು ಎಂದು ನಮ್ಮ ಹಿರಿಯರು ಬೈದದ್ದು ಇದನ್ನೇ.

ಹೇಗೆ ಹೇಳಲಿ ಎಂದಿರಿ. ನಂಬಿಕೆಯನ್ನು ಹಂಗಿಸಬೇಡಿ, ಪಂಚಾಂಗದ ಜೊತೆ ಜಗಳಕ್ಕೆ ಇಳಿಯಬೇಡಿ. ಒಂದು ನೋಟ್‌ಬುಕ್ ಕೊಡಿ. ಹೊರಡುವ ಮೊದಲು ಕುದುರೆಯ ಹೆಸರು, ಅದನ್ನು ಆರಿಸಿದ ಕಾರಣ, ಕಟ್ಟುವ ಮೊತ್ತ ಬರೆಯಲಿ. ಬಂದ ಮೇಲೆ ಫಲಿತಾಂಶ ಬರೆಯಲಿ. ದೃಷ್ಟಿಯ ಭಯವಿದ್ದರೆ ಸೀಸನ್ ಮುಗಿಯುವವರೆಗೆ ನೀವು ಅದನ್ನು ತೆರೆಯುವುದಿಲ್ಲವೆಂದು ಮಾತು ಕೊಡಿ. ಆಮೇಲೆ ಇಬ್ಬರೂ ಕೂತು ಕೂಡಿಸಿ, ಕಳೆಯಿರಿ. ನನ್ನ ವಾದಕ್ಕಿಂತ ಅವರದೇ ಕೈಬರಹವನ್ನು ಅವರು ಹೆಚ್ಚು ನಂಬುತ್ತಾರೆ.

ಪತ್ರದ ಕೊನೆಯಲ್ಲಿ, ಸಹಿಗೂ ಕೆಳಗೆ, ಮಗಳ ಕಾಲೇಜು ಫೀಸಿಗೆಂದು ಇಟ್ಟ ಎಫ್‌ಡಿ ಮುರಿದಿದ್ದಾರೆ ಎಂದು ಒಂದೇ ಸಾಲು ಬರೆದಿದ್ದೀರಿ. ನನ್ನನ್ನು ಹೆಚ್ಚು ಕಾಡಿದ್ದು ಅದು. ಅದು ಹೆಸರಿನ ನಂಬಿಕೆಯನ್ನು ದಾಟಿದ ವಿಷಯ, ನೋಟ್‌ಬುಕ್ಕಿನಿಂದ ತೀರುವಂಥದ್ದೂ ಅಲ್ಲ. ಉಳಿದ ಠೇವಣಿಗಳ ಕಾಗದಪತ್ರ ಈ ವಾರವೇ ನಿಮ್ಮ ಕೈಯಲ್ಲಿಟ್ಟುಕೊಳ್ಳಿ. ಬೆಂಗಳೂರಿನಲ್ಲೇ ಇದ್ದೀರಿ, ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ, ಬಾಜಿಯ ಗೀಳಿಗೂ ಅಲ್ಲಿ ನೆರವು ಸಿಗುತ್ತದೆ. ಅವರು ಬರಲು ಒಪ್ಪದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಮೊದಲು ನೀವೇ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಮಾಡಿದರೂ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಏನಾಯಿತೆಂದು ನನಗೂ ಬರೆಯಿರಿ, ಆ ಪತ್ರವನ್ನು ಅಚ್ಚು ಹಾಕುವುದಿಲ್ಲ.

– ಸಂಪಾದಕ