ನೈಟ್ರಿಕ್ ಆಕ್ಸೈಡ್ ಹೆಚ್ಚಿಸಿಕೊಂಡರೆ ಎದೆಯ ಕಫ ಸಲೀಸಾಗಿ ಹೊರಬರುತ್ತದೆಯೇ?

ನಿಮಗೆ ಬ್ರಾಂಕಿಯೆಕ್ಟಾಸಿಸ್ (ಶ್ವಾಸನಾಳಗಳು ಹಿಗ್ಗಿ ಕಫ ನಿಲ್ಲುವ ಕಾಯಿಲೆ) ಇದೆ, ದೇಹವೇ ತಯಾರಿಸುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಕಫ ಸಾಗಿಸಲು ನೆರವಾಗುತ್ತದೆ ಎಂದು ಎಲ್ಲೋ ಓದಿದ್ದೀರಿ, ಅದಕ್ಕೆ ಆರ್ಜಿನೈನ್ (ಒಂದು ಅಮೈನೋ ಆಮ್ಲ, ಪ್ರೋಟೀನಿನ ಘಟಕ) ಕ್ಯಾಪ್ಸೂಲ್ ನುಂಗಬಹುದಾ ಎಂದು ಕೇಳಿದ್ದೀರಿ. ನಾನು ಉಸಿರಾಟದ ಫಿಸಿಯೋಥೆರಪಿಸ್ಟ್. ಕಫಕ್ಕೋಸ್ಕರ ಆ ಕ್ಯಾಪ್ಸೂಲಿಗೆ ದುಡ್ಡು ಸುರಿಯಬೇಡಿ ಅಂತಲೇ ಹೇಳುತ್ತೇನೆ.

ಹಾಗಂತ ನೀವು ಓದಿದ್ದು ಸುಳ್ಳಲ್ಲ. ಶ್ವಾಸನಾಳದ ಒಳಗೋಡೆಯಲ್ಲಿ ಸಿಲಿಯಾ ಎಂಬ ಕೂದಲಿನಂಥ ಎಳೆಗಳಿವೆ. ಸೆಕೆಂಡಿಗೆ ಸುಮಾರು 10-15 ಸಲ ಬಡಿಯುತ್ತಾ ಕಫವನ್ನು ಗಂಟಲಿನ ಕಡೆಗೆ ತಳ್ಳುತ್ತವೆ. ಅದೇ ಗೋಡೆಯ ಜೀವಕೋಶಗಳು ಆರ್ಜಿನೈನ್‌ನಿಂದ ನೈಟ್ರಿಕ್ ಆಕ್ಸೈಡ್ ಮಾಡಿಕೊಳ್ಳುತ್ತವೆ. ಅದರಿಂದ ಸಿಲಿಯಾ ಬಡಿತ ಚುರುಕಾಗುತ್ತದೆ. ಆದರೆ ನಿಮ್ಮ ಕಾಯಿಲೆಯಲ್ಲಿ ನಾಳಗಳು ಹಿಗ್ಗಿವೆ, ಅಲ್ಲಲ್ಲಿ ಸಿಲಿಯಾ ಹಾಳಾಗಿರುತ್ತವೆ, ಕಫವೂ ಗಟ್ಟಿ, ಅಂಟು. ಕೆಸರಲ್ಲಿ ಹೂತ ಗಾಡಿಯ ಎತ್ತಿಗೆ ಚಾಟಿ ಬೀಸಿದರೆ ಏನು ಬಂತು?

ಇನ್ನೊಂದು ಮಾತು. ಈ ಅನಿಲ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತೇನಿಲ್ಲ. ಆಸ್ತಮಾದಲ್ಲಿ ಬಿಡುವ ಉಸಿರಿನಲ್ಲಿ ಇದು ಎಷ್ಟೋ ಸಲ ಏರಿರುತ್ತದೆ. ದೊಡ್ಡವರಲ್ಲಿ 50 ಪಿಪಿಬಿ (ನೂರು ಕೋಟಿ ಭಾಗದಲ್ಲಿ 50) ದಾಟಿದರೆ ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣಗಳ ಉರಿಯೂತ ಇರಬಹುದು, ಇನ್ಹೇಲರ್ ಸ್ಟೀರಾಯ್ಡ್ ಕೆಲಸ ಮಾಡಬಹುದು ಎಂದು ವೈದ್ಯರು ಊಹಿಸುತ್ತಾರೆ. ಹುಟ್ಟಿನಿಂದಲೇ ಸಿಲಿಯಾ ಸರಿಯಾಗಿ ಬಡಿಯದ ಪ್ರೈಮರಿ ಸಿಲಿಯರಿ ಡಿಸ್ಕಿನೇಸಿಯಾದಲ್ಲಿ ಉಲ್ಟಾ: ಮೂಗಿನ ನೈಟ್ರಿಕ್ ಆಕ್ಸೈಡ್ ಸಾಮಾನ್ಯವಾಗಿ ತೀರಾ ಕಡಿಮೆ. ಹಾಗಾಗಿ ಅದನ್ನು ಅಳೆದು ಕಾಯಿಲೆ ಪತ್ತೆಗೆ ಬಳಸುತ್ತಾರೆ. ಕಫ ಗಟ್ಟಿಯಾಗುವ ವಂಶವಾಹಿ ಕಾಯಿಲೆಯಾದ ಸಿಸ್ಟಿಕ್ ಫೈಬ್ರೋಸಿಸ್‌ನಲ್ಲೂ ಕಡಿಮೆ ಇರಬಹುದು, ಆದ್ದರಿಂದ ಅದೊಂದೇ ಸಾಲದು. ನಿಮಗೆ ಚಿಕ್ಕಂದಿನಿಂದಲೂ ಒದ್ದೆ ಕೆಮ್ಮು, ಸದಾ ಕಟ್ಟಿದ ಮೂಗು, ಪದೇ ಪದೇ ಕಿವಿ ಸೋಂಕು ಇದ್ದಿದ್ದರೆ ಈ ಪರೀಕ್ಷೆಗಳ ಬಗ್ಗೆ ವೈದ್ಯರನ್ನು ಕೇಳಿ. ನನ್ನ ಪ್ರಕಾರ ನೈಟ್ರಿಕ್ ಆಕ್ಸೈಡ್‌ನಿಂದ ನಿಮಗೆ ನಿಜವಾಗಿ ಸಿಗಬಹುದಾದ ಉಪಯೋಗ ಇದೇ.

ಬಾಯಿ ಮುಚ್ಚಿ ಗುಂಯ್‌ಗುಡುವ ಉಪಾಯವನ್ನೂ ಕೇಳಿರುತ್ತೀರಿ. ಸುಮ್ನೆ ಉಸಿರು ಬಿಡುವುದಕ್ಕಿಂತ ಹಾಗೆ ಮಾಡಿದಾಗ ಮೂಗಿನಿಂದ ಸುಮಾರು 15 ಪಟ್ಟು ಹೆಚ್ಚು ನೈಟ್ರಿಕ್ ಆಕ್ಸೈಡ್ ಬರುತ್ತದೆ ಎಂದು 2002ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು. ಆದರೆ ಅದು ಮೂಗಿನ ಸುತ್ತಲ ಮೂಳೆಯೊಳಗಿನ ಗಾಳಿಗೂಡುಗಳಾದ ಸೈನಸ್‌ಗಳಿಂದ ಬರುವ ಅನಿಲ. ಎದೆಯ ತಳದ ಕಫವನ್ನು ಅದು ಎತ್ತುತ್ತದೆ ಎಂದು ನಂಬಿ ಕೂರಬೇಡಿ.

ಆರ್ಜಿನೈನ್ ರಕ್ತದೊತ್ತಡ ಇಳಿಸಬಹುದು. ಹೃದಯದ ಎದೆನೋವಿಗೆ ನೈಟ್ರೇಟ್ ಮಾತ್ರೆ ತಗೊಳ್ಳುವವರು, ಹೃದಯಾಘಾತ ಆದವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ನಿಮಗೆ ಬೇಕಾದದ್ದು ದಿನವೂ ಕಫ ತೆಗೆಯುವ ಅಭ್ಯಾಸ. ಆಳವಾಗಿ ಉಸಿರೆಳೆದು, ಬಾಯಿ ತೆರೆದು, ಕನ್ನಡಿಗೆ ಆವಿ ಹಿಡಿಸುವಂತೆ ಹಾ ಎಂದು ಬಿರುಸಾಗಿ ಊದುವುದನ್ನು ಹಫಿಂಗ್ ಎನ್ನುತ್ತೇವೆ. ಒಣಕೆಮ್ಮು ಕೆಮ್ಮಿ ಸುಸ್ತಾಗುವುದಕ್ಕಿಂತ ಇದು ಎಷ್ಟೋ ಮೇಲು. ಕಫ ತೀರಾ ಅಂಟಾಗಿದ್ದರೆ ವೈದ್ಯರು ಉಪ್ಪುನೀರಿನ ನೆಬ್ಯುಲೈಸೇಶನ್ (ಯಂತ್ರದಿಂದ ಮಂಜಾಗಿಸಿ ಉಸಿರೆಳೆದುಕೊಳ್ಳುವುದು) ಬರೆದುಕೊಡಬಹುದು. ಕೆಲವರಿಗೆ ಅದರಿಂದ ನಾಳ ಬಿಗಿಯುತ್ತದೆ, ಹಾಗಾಗಿ ಮೊದಲ ಡೋಸ್ ವೈದ್ಯರ ಎದುರಿನಲ್ಲೇ ಆಗಲಿ. ಕಫದಲ್ಲಿ ರಕ್ತ ಕಂಡರೆ ತಡಮಾಡದೆ ತೋರಿಸಿ.