ಬಿಟ್ಟು ಬಂದವರ ಪಾಡು

ಓದುಗರ ಪತ್ರ: ಅಮೆರಿಕದ ‘ಹೆವನ್ಸ್ ಗೇಟ್’ ಪಂಥ ಬಿಟ್ಟು ಬಂದವರ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಪುಟ ಕೊಟ್ಟಿದ್ದೀರಿ. ಹಾರುವ ತಟ್ಟೆ ಬಂದು ಕರೆದೊಯ್ಯುತ್ತದೆ ಅಂತ ನಂಬಿದವರು ಅವರು. ಕೊನೆಗೆ ಬುದ್ಧಿ ಬಂತು, ಹೊರಬಂದರು. ಅಷ್ಟಕ್ಕೆ ಇಷ್ಟೊಂದು ಮರುಕ ಯಾಕೆ?
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಬೇಸರವಿಲ್ಲ, ಆದರೆ ಒಪ್ಪಲಾರೆ.

ಅವರು ಹಾರುವ ತಟ್ಟೆ ನೋಡಿ ಸೇರಿದವರಲ್ಲ. ಸಂಗೀತದ ಮೇಷ್ಟ್ರಾಗಿದ್ದ ಮಾರ್ಷಲ್ ಆಪಲ್‌ವೈಟ್, ನರ್ಸ್ ಆಗಿದ್ದ ಬಾನಿ ನೆಟಲ್ಸ್ – ಈ ಇಬ್ಬರ ಮಾತು ಕೇಳಿ ಸೇರಿದರು. 1975ರಲ್ಲಿ ಆರೆಗಾನ್‌ನ ವಾಲ್ಡ್‌ಪೋರ್ಟ್ ಎಂಬ ಊರಲ್ಲಿ ಒಂದೇ ಸಭೆಯ ನಂತರ ಸುಮಾರು 20 ಜನ ಮನೆಮಠ ಬಿಟ್ಟು ಹೊರಟರು. ಆಮೇಲೆ ಹೆಸರು ಹೊಸದು, ಕೂದಲು ಎಲ್ಲರದ್ದೂ ಮೋಟು. ಅಪ್ಪ ಅಮ್ಮನ ಜೊತೆ ಮಾತಿಲ್ಲ. ಮೈಗೆ ‘ವಾಹನ’ ಅಂತ ಹೆಸರು. ಇಪ್ಪತ್ತು ವರ್ಷ ಹೀಗೆ ಬದುಕಿದವರು ಯಾವ ಬಾಗಿಲು ತಟ್ಟಬೇಕು, ನೀವೇ ಹೇಳಿ.

ಬುದ್ಧಿ ಯಾಕೆ ಬೇಗ ಬರಲಿಲ್ಲ ಅನ್ನುವುದಕ್ಕೆ 1985 ನೋಡಿ. ಈ ಮೈಯಲ್ಲೇ, ಜೀವಂತವಾಗಿ ನೌಕೆ ಹತ್ತುತ್ತೇವೆ ಅಂತ ಅಲ್ಲಿಯವರೆಗೆ ಕಲಿಸಿದ್ದರು. ಆ ವರ್ಷ ನೆಟಲ್ಸ್ ಕ್ಯಾನ್ಸರ್‌ನಿಂದ ತೀರಿಕೊಂಡರು. ನಂಬಿಕೆ ಅಲ್ಲಿಗೇ ಮುರಿಯಬೇಕಿತ್ತು, ಅಲ್ವಾ? ಮುರಿಯಲಿಲ್ಲ. ಅವರು ವಾಹನವನ್ನು ಇಲ್ಲೇ ಬಿಟ್ಟು ಮುಂದೆ ಹೋದರು ಅಂತ ಪಾಠ ಬದಲಾಯಿತು. ನನ್ನ ಲೆಕ್ಕದಲ್ಲಿ 1997ರ ಸಾವುಗಳಿಗೆ ದಾರಿ ತೆರೆದದ್ದು ಅವತ್ತೇ.

1997ರ ಮಾರ್ಚ್‌ನಲ್ಲಿ ಹೇಲ್-ಬಾಪ್ ಧೂಮಕೇತು ಬಂತು. ಅದರ ಹಿಂದೆ ನೌಕೆ ಇದೆ ಅಂತ ನಂಬಿ ಕ್ಯಾಲಿಫೋರ್ನಿಯಾದ ಬಾಡಿಗೆ ಮನೆಯೊಂದರಲ್ಲಿ ಆಪಲ್‌ವೈಟ್ ಸೇರಿ 39 ಜನ ತಾವಾಗಿಯೇ ಜೀವ ಕಳೆದುಕೊಂಡರು. ಮಂಚದ ಪಕ್ಕ ಕಟ್ಟಿಟ್ಟ ಬ್ಯಾಗು. ಜೇಬಲ್ಲಿ ಐದು ಡಾಲರ್ ನೋಟು, ಒಂದಿಷ್ಟು ಚಿಲ್ಲರೆ. ಊರಿಗೆ ಹೊರಟ ಮಕ್ಕಳ ಹಾಗೆ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಆ ಮನೆಗೆ ಹೋಗಿ ಮೊದಲು ನೋಡಿದ್ದು ಯಾರು ಗೊತ್ತಾ? ಕೆಲವೇ ವಾರ ಮುಂಚೆ ಗುಂಪು ಬಿಟ್ಟಿದ್ದ ಒಬ್ಬರು. ಅವರಿಗೆ ಅಂಚೆಯಲ್ಲಿ ಬೀಳ್ಕೊಡುಗೆಯ ವಿಡಿಯೊ ಬಂದಿತ್ತು.

ಹೊರಬಂದರೆ ಮುಗಿಯಿತು ಅಂದಿರಿ. ಕೆಲವು ವರ್ಷ ಮೊದಲೇ ಹೊರಬಂದಿದ್ದ ಇನ್ನೊಬ್ಬರಿದ್ದರು. ಆ 39 ಜನರಲ್ಲಿ ಅವರ ಹೆಂಡತಿಯೂ ಇದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ಅವರೂ ಹಾಗೇ ಜೀವ ಕಳೆದುಕೊಂಡರು. ಇಂಥವರನ್ನು ಸುಮ್ನೆ ದಡ್ಡರು ಅಂತ ದಾಟಿಹೋಗಲು ನನಗೆ ಮನಸ್ಸು ಬರಲಿಲ್ಲ. ಅದಕ್ಕೇ ನಾಲ್ಕು ಪುಟ ಕೊಟ್ಟೆವು.